ಕಲ್ಲಿಕೋಟೆಯ ಕೋಳಿ, ಡಚ್ಚರ ಧೈರ್ಯ

2022ರಲ್ಲಿ ಟರ್ಕಿ ದೇಶ ವಿಶ್ವಸಂಸ್ಥೆಗೆ ಒಂದು ಪತ್ರ ಬರೆಯಿತು. ಇನ್ನು ಮುಂದೆ ಇಂಗ್ಲಿಷಿನಲ್ಲೂ ನಮ್ಮನ್ನು ‘ತುರ್ಕಿಯೆ’ ಅಂತಲೇ ಕರೆಯಿರಿ, ಹಳೆಯ ಹೆಸರು ಬೇಡ ಅಂತ. ವಿಶ್ವಸಂಸ್ಥೆ ಮರುಮಾತಿಲ್ಲದೆ ಒಪ್ಪಿತು. ಅಧಿಕೃತವಾಗಿ ಕೊಟ್ಟ ಕಾರಣ ಸಂಸ್ಕೃತಿ, ನಾಗರಿಕತೆ, ಮೌಲ್ಯ ಇತ್ಯಾದಿ. ಸರ್ಕಾರಗಳು ಹೇಳಬೇಕಾದ್ದು ಹಾಗೇ ಬಿಡಿ. ಒಳಗಿನ ಸಂಕಟ ಮಾತ್ರ ಲೋಕಕ್ಕೆಲ್ಲ ಗೊತ್ತಿತ್ತು. ಅಂತರ್ಜಾಲದಲ್ಲಿ ಇಂಗ್ಲಿಷಿನಲ್ಲಿ ದೇಶದ ಹೆಸರು ಹಾಕಿದರೆ ಇಸ್ತಾಂಬುಲ್ಲಿನ ಮಸೀದಿಯ ಪಕ್ಕದಲ್ಲೇ ಹುರಿದ ಟರ್ಕಿ ಕೋಳಿಯೂ ಬಂದು ಕೂರುತ್ತಿತ್ತು. ಸಾಲದ್ದಕ್ಕೆ ಅಮೆರಿಕದವರ ಆಡುಮಾತಿನಲ್ಲಿ ತೋಪೆದ್ದ ನಾಟಕಕ್ಕೂ ಅದೇ ಹೆಸರು, ಪೆದ್ದನಿಗೂ ಅದೇ ಹೆಸರು. ಶತಮಾನಗಟ್ಟಲೆ ಸಾಮ್ರಾಜ್ಯ ಆಳಿದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ತಮಾಷೆ ಏನೆಂದರೆ ಆ ಕೋಳಿಗೂ ಆ ದೇಶಕ್ಕೂ ಸುತರಾಂ ಸಂಬಂಧವಿಲ್ಲ. ಅದು ಮೆಕ್ಸಿಕೋದ ಹಕ್ಕಿ. ಕೊಲಂಬಸ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿಯವರು ಅದನ್ನು ಸಾಕಿಕೊಂಡು, ಹಬ್ಬಕ್ಕೆ ಕೊಯ್ದುಕೊಂಡು ಸುಖವಾಗಿದ್ದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಹಡಗಿಗೆ ಹಾಕಿಕೊಂಡು ಯುರೋಪಿಗೆ ತಂದರು. ಇಂಗ್ಲೆಂಡಿನವರಿಗೆ ಅಷ್ಟು ಹೊತ್ತಿಗಾಗಲೇ ಇನ್ನೊಂದು ಪರದೇಶಿ ಕೋಳಿಯ ಪರಿಚಯವಿತ್ತು. ಆಫ್ರಿಕಾದಿಂದ ತುರ್ಕಿ ವ್ಯಾಪಾರಿಗಳ ಕೈ ಹಾದು ಬರುತ್ತಿದ್ದ ಚುಕ್ಕೆ ಚುಕ್ಕೆಯ ಹಕ್ಕಿ, ನಾವು ಗಿನಿಕೋಳಿ ಅನ್ನುತ್ತೇವಲ್ಲ, ಅದು. ಅದನ್ನವರು ಟರ್ಕಿ ಕೋಳಿ ಅನ್ನುತ್ತಿದ್ದರು. ಮೆಕ್ಸಿಕೋದ್ದು ಬಂದಿಳಿದಾಗ ‘ಇದೂ ಅದರ ಅಣ್ಣನೋ ತಮ್ಮನೋ ಇರಬೇಕು’ ಅಂದುಕೊಂಡು ಅದೇ ಚೀಟಿ ಅಂಟಿಸಿದರು. ಎರಡೂ ಬೇರೆ ಬೇರೆ ಅಂತ ಗೊತ್ತಾದ ಮೇಲಾದರೂ ಚೀಟಿ ಕೀಳಬೇಕಿತ್ತು. ಕೀಳಲಿಲ್ಲ. ಅಸಲಿ ಟರ್ಕಿ ಕೋಳಿಯ ಹೆಸರನ್ನೇ ಬದಲಿಸಿ ನಕಲಿಗೆ ಪಟ್ಟ ಕಟ್ಟಿದರು.

ಹಾಗಾದರೆ ತುರ್ಕಿಯವರು ಅದನ್ನು ಏನಂತಾರೆ? ‘ಹಿಂದಿ’ ಅಂತಾರೆ. ಹಿಂದ್ ದೇಶದ್ದು ಅಂತ ಅರ್ಥ. ನಮ್ಮಲ್ಲಿ ಹಿಂದಿ ಹೇರಿಕೆಯ ಬಗ್ಗೆ ಎಷ್ಟೇ ಗಲಾಟೆಯಾಗಲಿ, ಇಸ್ತಾಂಬುಲ್ಲಿನಲ್ಲಿ ಹೊಸ ವರ್ಷದ ರಾತ್ರಿ ಹಿಂದಿಯನ್ನು ಹುರಿದು ತಿಂದುಬಿಡುತ್ತಾರೆ. ಫ್ರೆಂಚರೂ ‘ಇಂಡಿಯಾದ ಕೋಳಿ’ ಅಂತಲೇ ಶುರುಮಾಡಿ ಈಗ ಅದನ್ನು ‘ದ್ಯಾಂದ್’ ಅಂತ ಗಿಡ್ಡ ಮಾಡಿಕೊಂಡಿದ್ದಾರೆ. ರಷ್ಯನ್ನರ ‘ಇಂದ್ಯೂಕ್’ನಲ್ಲೂ ನಾವೇ. ಡಚ್ಚರು ಇನ್ನೂ ಕರಾರುವಾಕ್ಕು ಜನ. ಇಂಡಿಯಾ ಅಂದರೆ ಸಾಲದು, ಊರೂ ಬೇಕು ಅಂತ ‘ಕಾಲ್ಕೂನ್’ ಅಂದರು. ಕಲ್ಲಿಕೋಟೆಯ ಕೋಳಿ! ಅವರಿಂದ ಹೆಸರು ಡೆನ್ಮಾರ್ಕು, ಸ್ವೀಡನ್, ಫಿನ್ಲೆಂಡಿನವರೆಗೆ ಹೋಯಿತು. ಇವತ್ತಿಗೂ ಹಿಮ ಬೀಳುವ ಊರಿನಲ್ಲಿ ಕೂತ ಫಿನ್ನಿಷ್ ಅಜ್ಜಿ ಕ್ರಿಸ್‌ಮಸ್ಸಿಗೆ ಮಲಬಾರಿನ ರೇವುಪಟ್ಟಣವೊಂದನ್ನು ಒಲೆಯೊಳಗೆ ಇಡುತ್ತಾಳೆ. 1498ರಲ್ಲಿ ಖುದ್ದು ಕಲ್ಲಿಕೋಟೆಗೆ ಬಂದಿದ್ದ ಪೋರ್ಚುಗೀಸರಿಗೆ ಅಲ್ಲಿ ಇಂಥ ಕೋಳಿ ಇಲ್ಲ ಅಂತ ಗೊತ್ತಿತ್ತು. ಹಾಗಾಗಿ ಅವರು ‘ಪೆರು’ ಅಂದರು. ಅದೂ ತಪ್ಪೇ. ಮಲಯ ಭಾಷೆಯಲ್ಲಿ ಅದು ಡಚ್ಚರ ಕೋಳಿ, ಈಜಿಪ್ಟಿನಲ್ಲಿ ರೂಮಿ ಹುಂಜ. ಒಂದು ಹಕ್ಕಿ, ಇಷ್ಟೊಂದು ಪಾಸ್‌ಪೋರ್ಟು, ಒಂದೂ ಅಸಲಿಯಲ್ಲ.

ಈ ಹಕ್ಕಿಯನ್ನು ಊರು ಕೇಳದೆ ನೋಡಿದ ಮನುಷ್ಯ ಜಹಾಂಗೀರ ಬಾದಶಹ. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದ ಪೋರ್ಚುಗೀಸರಿಂದ ವಿಚಿತ್ರ ಪ್ರಾಣಿಗಳನ್ನೆಲ್ಲ ಕೊಂಡು ಆಸ್ಥಾನಕ್ಕೆ ತಂದ. ಅವುಗಳಲ್ಲಿ ಇದೂ ಒಂದು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಾದಶಹ ತನ್ನ ಆತ್ಮಕಥೆಯಲ್ಲಿ ಅದರ ತಲೆ, ಕತ್ತನ್ನು ಬಿಡದೆ ವರ್ಣಿಸಿದ್ದಾನೆ. ಬೆದೆ ಬಂದಾಗ ಹವಳದ ಹಾಗೆ ಕೆಂಪಾಗುತ್ತದಂತೆ, ಸ್ವಲ್ಪ ಹೊತ್ತಿಗೆ ಅದೇ ಜಾಗ ಅರಳೆಯಷ್ಟು ಬಿಳಿ, ಒಮ್ಮೊಮ್ಮೆ ಪಚ್ಚೆನೀಲಿ, ಒಟ್ಟಿನಲ್ಲಿ ಗೋಸುಂಬೆಯ ಜಾತಿ. ಬರೆದದ್ದು ಸಾಲದು ಅಂತ ಚಿತ್ರವನ್ನೂ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಚಿತ್ರದಲ್ಲಿ ಗರಿಗರಿಯೂ ಎಣಿಸುವಷ್ಟು ಸ್ಪಷ್ಟ, ಜೋಲುಬಿದ್ದ ಕೊರಳಚರ್ಮದ ಮಡಿಕೆ ಮಡಿಕೆಯೂ ಕಾಣುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಮನುಷ್ಯ ಕಣ್ಣು ಬಿಟ್ಟು ನೋಡುತ್ತಾನೆ ಅಂತ ಕಾಣುತ್ತದೆ.

ಇಂಗ್ಲಿಷಿನವರನ್ನು ನೋಡಿ ನಾವು ಹಲ್ಲು ಕಿರಿಯುವ ಹಾಗಿಲ್ಲ. ನಮ್ಮ ಅಡುಗೆಮನೆಯಲ್ಲೂ ಇದೇ ನಾಟಕ. ಸೀಮೆಬದನೆಯನ್ನೇ ತೆಗೆದುಕೊಳ್ಳಿ. ನಮಗೆ ಅದು ‘ಸೀಮೆ’ಯದ್ದು, ಅಂದರೆ ಪರದೇಶದ್ದು. ತಮಿಳರನ್ನು ಕೇಳಿದರೆ ಬೆಂಗಳೂರು ಬದನೆ ಅಂತಾರೆ, ತೆಲುಗರೂ ಬೆಂಗಳೂರು ಬದನೆ ಅಂತಾರೆ. ಬೆಂಗಳೂರಿನವನು ಕೈತೋರಿಸುವುದು ಸಮುದ್ರದಾಚೆಗೆ, ಅಕ್ಕಪಕ್ಕದವರು ಕೈತೋರಿಸುವುದು ಬೆಂಗಳೂರಿಗೆ. ಅಸಲಿ ಊರು? ಮತ್ತೆ ಅದೇ ಮೆಕ್ಸಿಕೋ ಕಡೆ. ಟರ್ಕಿ ಕೋಳಿ ಹಾಕಿ ಸೀಮೆಬದನೆಯ ಪಲ್ಯ ಮಾಡಿದರೆ ಪದಾರ್ಥವೆಲ್ಲ ಒಂದೇ ಊರಿನದ್ದು, ಹೆಸರುಗಳು ಮಾತ್ರ ಭೂಗೋಳ ಸುತ್ತಿ ಬಂದವು. ಸೀಮೆಎಣ್ಣೆ, ಸೀಮೆಸುಣ್ಣ, ಪರಂಗಿ ಹಣ್ಣು, ಎಲ್ಲವೂ ಹೀಗೆಯೇ ‘ಎಲ್ಲಿಂದಲೋ ಬಂದದ್ದು’ ಅಂತ ಹಣೆಪಟ್ಟಿ ಹಚ್ಚಿಸಿಕೊಂಡವು.

ಇಂಗ್ಲಿಷಿನಲ್ಲಿ ಈ ‘ಪರಂಗಿ’ಗೆ ಸಮನಾದದ್ದು ವಾಲ್‌ನಟ್. ನಾವು ಅಕ್ರೋಟು ಅನ್ನುತ್ತೇವೆ. ಆ ‘ವಾಲ್’ ಗೋಡೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಪರಕೀಯ ಅಂತ. ಪರಂಗಿ ಹಣ್ಣಿನ ಹಾಗೆ ಪರಂಗಿ ಕಾಯಿ. ಅದೇ ಬೇರಿನಿಂದ ಹುಟ್ಟಿದ ಇನ್ನೊಂದು ಮಾತು ‘ವೆಲ್ಷ್’. ಈಗಿನ ಜರ್ಮನಿ, ಡೆನ್ಮಾರ್ಕಿನ ಕಡೆಯಿಂದ ದೋಣಿ ಹತ್ತಿ ಬಂದ ಆಂಗ್ಲೋ-ಸ್ಯಾಕ್ಸನ್ನರು, ಅಲ್ಲಿ ಸಾವಿರಾರು ವರ್ಷದಿಂದ ಮನೆ ಕಟ್ಟಿಕೊಂಡಿದ್ದವರ ಎದುರು ನಿಂತು ‘ನೀವು ಯಾರ್ರೀ ಪರದೇಶಿಗಳು?’ ಅಂದರು. ವೇಲ್ಸಿನವರು ಇವತ್ತಿಗೂ ತಮ್ಮ ಭಾಷೆಯಲ್ಲಿ ತಮ್ಮನ್ನು ‘ಕಮ್ರಿ’, ಅಂದರೆ ಒಂದೇ ನಾಡಿನವರು ಎಂದು ಕರೆದುಕೊಳ್ಳುತ್ತಾರೆ. ಆದರೆ ಜಗತ್ತಿನ ನಕ್ಷೆಯಲ್ಲಿ ಬಂದವರು ಇಟ್ಟ ಹೆಸರೇ ಗಟ್ಟಿ. ಆಮೇಲೆ ಅವರ ಬಡತನವನ್ನೂ ಬಿಡಲಿಲ್ಲ. ‘ವೆಲ್ಷ್ ಮೊಲ’ ಅಂತ ಒಂದು ತಿಂಡಿ ಇದೆ. ಶಾಕಾಹಾರಿಗಳು ಗಾಬರಿಯಾಗಬೇಕಿಲ್ಲ, ಅದು ಬ್ರೆಡ್ಡಿನ ಮೇಲೆ ಕರಗಿಸಿದ ಚೀಸು. ಮೊಲ ಸಿಗದ ಬಡಪಾಯಿಗಳ ಮೊಲ ಅಂತ ಕುಹಕ. ‘ಬಾಂಬೆ ಬಾತುಕೋಳಿ’ಯನ್ನು ಮಾತ್ರ ಶಾಕಾಹಾರಿಗಳು ನಂಬಬಾರದು, ಅದು ಬಾತುಕೋಳಿಯಲ್ಲ, ಮೂಗು ಮುಚ್ಚಿಕೊಳ್ಳಬೇಕಾದ ಒಣಮೀನು.

ಇವೆಲ್ಲ ಅರ್ಧ ಅಜ್ಞಾನ, ಅರ್ಧ ಕುಚೋದ್ಯ. ಶುದ್ಧ ಕಿತಾಪತಿ ನೋಡಬೇಕಾದರೆ ಇಂಗ್ಲಿಷ್ ನಿಘಂಟಿನಲ್ಲಿ ‘ಡಚ್’ ಅನ್ನುವ ಪುಟ ತೆರೆಯಬೇಕು. ಡಚ್ ಧೈರ್ಯ ಅಂದರೆ ಗಂಟಲಿಗೆ ಎರಡು ಗುಟುಕು ಇಳಿದ ಮೇಲೆ ಬರುವ ಧೈರ್ಯ. ಡಚ್ ಔತಣ ಅಂದರೆ ಕರೆದವನು ದುಡ್ಡು ಕೊಡದ ಔತಣ. ಅವರವರ ತಟ್ಟೆಗೆ ಅವರವರ ಜೇಬು. ಡಚ್ ಸಮಾಧಾನ ಅಂದರೆ ಕಾಲು ಮುರಿದವನಿಗೆ ‘ಕುತ್ತಿಗೆ ಮುರಿಯಲಿಲ್ಲವಲ್ಲ, ಬಿಡು’ ಅನ್ನುವುದು. ಡಚ್ ಕಛೇರಿಯಲ್ಲಿ ಪಿಟೀಲಿನವನದು ಒಂದು ರಾಗ, ಹಾಡುವವನದು ಇನ್ನೊಂದು. ಡಚ್ ಚಿಕ್ಕಪ್ಪ ಮುಖಕ್ಕೆ ಹೊಡೆದ ಹಾಗೆ ಬುದ್ಧಿ ಹೇಳುತ್ತಾನೆ. ಡಚ್ ಹೆಂಡತಿ ಅಂದರೆ ಸೆಕೆಯ ದೇಶದಲ್ಲಿ ತಬ್ಬಿಕೊಂಡು ಮಲಗುವ ಉದ್ದದಿಂಬು. ಡಬಲ್ ಡಚ್ ಅಂದರೆ ತಲೆಬುಡವಿಲ್ಲದ ಮಾತು. ಅಷ್ಟೂ ಸಾಲದೆ, ಆಣೆ ಹಾಕುವಾಗ ‘ಇದು ಸುಳ್ಳಾದರೆ ನಾನು ಡಚ್ಚನೇ ಸರಿ’ ಅಂತ ಬೇರೆ. ನಮ್ಮಲ್ಲಿ ಮೀಸೆ ಬೋಳಿಸಿಕೊಳ್ಳುತ್ತೇನೆ ಅಂತಾರೆ, ಅವರಲ್ಲಿ ರಾಷ್ಟ್ರೀಯತೆ ಬದಲಾಯಿಸಿಕೊಳ್ಳುತ್ತೇನೆ ಅಂತಾರೆ.

ಯಾಕಿಷ್ಟು ಕಿಚ್ಚು? ಹದಿನೇಳನೆಯ ಶತಮಾನದಲ್ಲಿ ಸಮುದ್ರ ಯಾರದು ಅನ್ನುವ ಜಗಳ. ಮೆಣಸು, ಜಾಕಾಯಿ, ಮೀನು, ಹಡಗಿನ ಬಾಡಿಗೆ, ಎಲ್ಲದರಲ್ಲೂ ಡಚ್ಚರು ಒಂದು ಹೆಜ್ಜೆ ಮುಂದೆ. 1652ರಿಂದ 1674ರೊಳಗೆ ಇಬ್ಬರೂ ಮೂರು ಸಲ ಯುದ್ಧ ಮಾಡಿದರು. ಎರಡನೆಯದರ ಕೊನೆಗೆ, 1667ರ ಜೂನಿನಲ್ಲಿ, ಡಚ್ ನೌಕಾಪಡೆ ಇಂಗ್ಲೆಂಡಿನ ಮೆಡ್‌ವೇ ನದಿಯೊಳಗೇ ನುಗ್ಗಿತು. ಅಡ್ಡ ಕಟ್ಟಿದ್ದ ಸರಪಳಿ ಮುರಿಯಿತು, ಲಂಗರು ಹಾಕಿ ನಿಂತಿದ್ದ ಹಡಗುಗಳಿಗೆ ಬೆಂಕಿ ಬಿತ್ತು. ‘ರಾಯಲ್ ಚಾರ್ಲ್ಸ್’ ಎಂಬ ಪಟ್ಟದ ಹಡಗನ್ನು, ಅಂದರೆ ರಾಜ ಎರಡನೆಯ ಚಾರ್ಲ್ಸನನ್ನು ದೇಶಭ್ರಷ್ಟತೆಯಿಂದ ಮನೆಗೆ ಕರೆತಂದ ಹಡಗನ್ನೇ, ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಅದರ ಹಿಂಭಾಗದ ಕೆತ್ತನೆಯ ಹಲಗೆ ಇವತ್ತಿಗೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ, ಇಂಗ್ಲೆಂಡಿನ ಸಿಂಹದ ಸಮೇತ, ನೇತಾಡುತ್ತಿದೆ.

ಆಗ ಇಂಗ್ಲಿಷ್ ನೌಕಾ ಕಚೇರಿಯ ಹಿರಿಯ ಗುಮಾಸ್ತೆ ಸ್ಯಾಮ್ಯುಯೆಲ್ ಪೀಪ್ಸ್. ಲೋಕಪ್ರಸಿದ್ಧ ದಿನಚರಿ ಬರೆದವನು. ಸುದ್ದಿ ಬಂದ ಕೂಡಲೇ ಈ ಮಹಾನುಭಾವ ಮಾಡಿದ ಕೆಲಸವೆಂದರೆ, ಅಪ್ಪನನ್ನೂ ಹೆಂಡತಿಯನ್ನೂ ಗಾಡಿ ಹತ್ತಿಸಿ, ಸುಮಾರು 1300 ಪೌಂಡಿನ ಚಿನ್ನದ ನಾಣ್ಯ ಕೈಚೀಲಕ್ಕೆ ತುಂಬಿ, ಊರಿಗೆ ಅಟ್ಟಿದ್ದು. ಅವರು ಹೋಗಿ ತೋಟದಲ್ಲಿ ಹೂತರು. ಎಲ್ಲ ತಣ್ಣಗಾದ ಮೇಲೆ ಪೀಪ್ಸ್ ರಾತ್ರಿ ಲಾಂದ್ರ ಹಿಡಿದು ಅಗೆಯಲು ಹೋದರೆ ಹೂತ ಜಾಗ ಸರಿಯಾಗಿ ಯಾರಿಗೂ ನೆನಪಿಲ್ಲ. ಹೂತದ್ದಾದರೂ ಯಾವಾಗ? ಭಾನುವಾರ, ಹಾಡಹಗಲು, ಊರೆಲ್ಲ ಚರ್ಚಿಗೆ ಹೋದಾಗ. ಕೊನೆಗೆ ಸಿಕ್ಕಿತು, ಆದರೆ ಚೀಲ ಕೊಳೆತು ನಾಣ್ಯ ಮಣ್ಣಿನಲ್ಲಿ ಚೆಲ್ಲಾಪಿಲ್ಲಿ. ಮಣ್ಣನ್ನು ತೊಳೆದು ಜರಡಿ ಹಿಡಿದು ಹುಡುಕಿದ. ಇಂಥ ಅವಮಾನ ಮಾಡಿದವರನ್ನು ಯುದ್ಧದಲ್ಲಿ ಸೋಲಿಸಲಾಗದಿದ್ದರೆ ನಿಘಂಟಿನಲ್ಲಾದರೂ ಸೋಲಿಸಬೇಡವೇ?

ಇತಿಹಾಸವೂ ಕುಚೇಷ್ಟೆಯದೇ. ಯುದ್ಧ ಮುಗಿದು ಸುಮಾರು ಹದಿನೈದು ವರ್ಷಕ್ಕೆ, 1689ರಲ್ಲಿ, ಇಂಗ್ಲೆಂಡಿನವರು ತಮ್ಮ ಸಿಂಹಾಸನದ ಮೇಲೆ ತಂದು ಕೂರಿಸಿದ್ದು ಆರೆಂಜಿನ ವಿಲಿಯಂ ಎಂಬ ಡಚ್ಚನನ್ನು. ಅತ್ತ ಬೈಗುಳ ಕೊಡುತ್ತಲೇ ಇತ್ತ ಡಚ್ಚರಿಂದ ಮಾತು ಕಡ ತರುವುದನ್ನೂ ನಿಲ್ಲಿಸಿರಲಿಲ್ಲ. ಹಡಗಿನ ಡೆಕ್ಕು ಡಚ್ಚು, ಅದರ ಮೇಲೆ ನಿಲ್ಲುವ ಸ್ಕಿಪ್ಪರು ಡಚ್ಚು, ಶ್ರೀಮಂತರ ಯಾಟು ಡಚ್ಚು. ಚಿತ್ರಗಾರನ ಸ್ಕೆಚ್ಚು, ಅದನ್ನು ನಿಲ್ಲಿಸುವ ಈಸೆಲ್ಲು, ಅದರಲ್ಲಿ ಬರೆಯುವ ಲ್ಯಾಂಡ್‌ಸ್ಕೇಪು, ಮುಗಿದ ಮೇಲೆ ಕುಡಿಯುವ ಬ್ರಾಂದಿ, ನೆಂಚಿಕೊಳ್ಳುವ ಕುಕ್ಕಿ. ಧಣಿ ಅನ್ನುವ ಅರ್ಥದ ‘ಬಾಸ್’ ಕೂಡ ಅಮೆರಿಕದ ಡಚ್ಚರ ಕೊಡುಗೆ. ಬೆಂಗಳೂರಿನ ಆಟೋದವರು ‘ಏನ್ ಬಾಸ್, ಎಲ್ಲಿಗೆ?’ ಅಂದರೆ ಎರಡನೆಯ ಪದ ಆಮ್‌ಸ್ಟರ್‌ಡ್ಯಾಮಿನದು. ‘ಏನ್ ಗುರು’ ಅಂದರೆ ಮಾತ್ರ ನಮ್ಮದು, ಇಂಗ್ಲಿಷಿನವರು ನಮ್ಮಿಂದ ಕಡ ತೆಗೆದುಕೊಂಡದ್ದು. ಮೀಟರಿನ ಮೇಲೆ ಎಷ್ಟು ಕೊಡಬೇಕು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಫ್ರೆಂಚರ ವಿಷಯದಲ್ಲಿ ಲೆಕ್ಕ ಸರಿಸಮ. ಔತಣದಿಂದ ಹೇಳದೆ ಕೇಳದೆ ಮೆಲ್ಲಗೆ ಜಾಗ ಖಾಲಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ರೆಂಚ್ ರಜೆ’. ಅದೇ ಕೆಲಸಕ್ಕೆ ಫ್ರೆಂಚಿನಲ್ಲಿ ‘ಇಂಗ್ಲಿಷಿನವನ ಹಾಗೆ ಜಾರಿಕೊಳ್ಳುವುದು’. ಇಟಲಿಯವರೂ ಪೋಲೆಂಡಿನವರೂ ಇಂಗ್ಲಿಷಿನವರ ಮೇಲೆಯೇ ಹಾಕಿದರು, ಜರ್ಮನರು ಫ್ರೆಂಚರ ಮೇಲೆ ಹಾಕಿದರು. ಹೇಳಿಹೋಗುವ ಮರ್ಯಾದೆ ತಮ್ಮವರಿಗಿಲ್ಲ ಅಂತ ಒಪ್ಪಿಕೊಂಡ ದೇಶ ಒಂದೂ ಇಲ್ಲ.

ಕಾಯಿಲೆಗಳ ವಿಷಯದಲ್ಲಂತೂ ಈ ದೂರುವ ಆಟ ಹದ್ದುಮೀರಿತು. 1495ರಲ್ಲಿ ಫ್ರಾನ್ಸಿನ ಸೇನೆ ಇಟಲಿಯ ನೇಪಲ್ಸಿಗೆ ನುಗ್ಗಿದಾಗ ಸಿಫಿಲಿಸ್ ಎದ್ದಿತು. ಇಟಲಿಯವರು, ಇಂಗ್ಲಿಷಿನವರು ಅದನ್ನು ಫ್ರೆಂಚ್ ರೋಗ ಅಂದರು. ಫ್ರೆಂಚರು ನೇಪಲ್ಸ್ ರೋಗ ಅಂದರು. ರಷ್ಯನ್ನರಿಗೆ ಅದು ಪೋಲೆಂಡಿನ ರೋಗ, ಪೋಲೆಂಡಿನವರಿಗೆ ಜರ್ಮನಿಯದು. ನಮ್ಮಲ್ಲಿಗೆ ಬರುವ ಹೊತ್ತಿಗೆ ಹದಿನಾರನೆಯ ಶತಮಾನದ ಭಾವಪ್ರಕಾಶವೆಂಬ ಆಯುರ್ವೇದ ಗ್ರಂಥದಲ್ಲಿ ‘ಫಿರಂಗ ರೋಗ’ ಆಗಿತ್ತು. ಕನ್ನಡದ ಬಾಯಲ್ಲಿ ಪರಂಗಿ ಹುಣ್ಣು. ಪರಂಗಿ ಹಣ್ಣು ತಂದವರೂ ಅವರೇ, ಪರಂಗಿ ಹುಣ್ಣು ತಂದವರೂ ಅವರೇ. ಒಂದು ಕೊಂಬಿನ ವ್ಯತ್ಯಾಸ ಅಷ್ಟೆ. 1918ರ ‘ಸ್ಪ್ಯಾನಿಷ್’ ಜ್ವರದ ಪಾಪವಂತೂ ಸ್ಪೇನಿನದಲ್ಲವೇ ಅಲ್ಲ. ಮೊದಲ ಮಹಾಯುದ್ಧದಲ್ಲಿದ್ದ ದೇಶಗಳು ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದವು. ಯುದ್ಧಕ್ಕೆ ಇಳಿಯದ ಸ್ಪೇನಿನ ಪತ್ರಿಕೆಗಳು ಮಾತ್ರ ಜ್ವರದ ಸುದ್ದಿ ಬರೆದವು, ರಾಜ ಅಲ್ಫಾನ್ಸೋ ಮಲಗಿದ್ದನ್ನೂ ಬರೆದವು. ನಿಜ ಬರೆದವನ ತಲೆಗೆ ರೋಗ ಕಟ್ಟಿದರು. ಕೊನೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇನ್ನು ಹೊಸ ಕಾಯಿಲೆಗಳಿಗೆ ಊರಿನ ಹೆಸರಾಗಲಿ ಪ್ರಾಣಿಯ ಹೆಸರಾಗಲಿ ಇಡಕೂಡದು ಅಂತ ನಿಯಮ ಮಾಡಿತು.

ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ಈ ನಿಯಮ ಬಹಳ ತಡವಾಗಿ ಬಂತು. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಹಿಂದೆಯೇ ಜನರಿಗೆ ಜ್ವರ ಬಂತು. ವಿಜ್ಞಾನಿಗಳು ಹೊಸ ವೈರಸ್ಸು ಹುಡುಕಿದರು, ಇಂಗ್ಲಿಷಿನಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಹೆಸರಿಟ್ಟರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಮಲೆನಾಡಿನ ಒಂದು ಮೂಲೆಯ ಹಳ್ಳಿ ಹೀಗೆ ಸೇರಿಕೊಂಡಿತು. ನಾವು ಕನ್ನಡದವರು ಊರನ್ನು ಬಿಟ್ಟುಕೊಟ್ಟೆವಾ? ಬಿಟ್ಟುಕೊಡಲಿಲ್ಲ, ಸದ್ಯ. ಬದಲಿಗೆ ‘ಮಂಗನ ಕಾಯಿಲೆ’ ಅಂದು ಸತ್ತ ಬಡಪಾಯಿಯ ಮೇಲೆಯೇ ಹಾಕಿದೆವು. ರೋಗ ಹರಡುವ ಉಣ್ಣೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೆಸರು ಕೆಡಿಸಿಕೊಳ್ಳದೆ, ಎಲೆಯಡಿ ಆರಾಮವಾಗಿದೆ.

ದೇಶ ದೇಶಗಳ ನಡುವೆ ಮುನಿಸು ಬಂದಾಗ ಹೆಸರು ಕಿತ್ತುಕೊಳ್ಳುವುದೂ ಉಂಟು. 2003ರ ಮಾರ್ಚಿನಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಕೈಜೋಡಿಸಲಿಲ್ಲವೆಂದು ಅಮೆರಿಕದ ಸಂಸತ್ತಿನ ಕೆಳಮನೆಯ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಹೋಗಿ ‘ಫ್ರೀಡಂ ಫ್ರೈಸ್’ ಆಯಿತು. ಆಲೂಗಡ್ಡೆ ಅದೇ, ಎಣ್ಣೆ ಅದೇ. ಅದನ್ನು ಹುಟ್ಟುಹಾಕಿದವರು ನಾವು ಅಂತ ಎದೆ ತಟ್ಟಿಕೊಳ್ಳುವ ಬೆಲ್ಜಿಯಮ್ಮಿನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವರ್ಷಕ್ಕೆ ಸದ್ದಿಲ್ಲದೆ ಹಳೆಯ ಹೆಸರು ವಾಪಸ್ಸು ಬಂತು. ಬ್ರಿಟನ್ನಿನ ರಾಜಮನೆತನ ಇದಕ್ಕಿಂತ ಮೇಲು, ಅವರು ತಮ್ಮ ಹೆಸರನ್ನೇ ಬದಲಿಸಿಕೊಂಡರು. ಜರ್ಮನಿಯೊಡನೆ ಯುದ್ಧ ನಡೆಯುತ್ತಿದ್ದ 1917ರಲ್ಲಿ ಸಾಕ್ಸ್-ಕೋಬರ್ಗ್-ಗೋಥಾ ಎಂಬ ಅಚ್ಚ ಜರ್ಮನ್ ಹೆಸರಿನವರು ರಾತ್ರೋರಾತ್ರಿ ವಿಂಡ್ಸರ್ ಆದರು. ಅವರ ಬಂಧುವೇ ಆದ ಜರ್ಮನ್ ಕೈಸರ್, ‘ಹಾಗಾದರೆ ಶೇಕ್ಸ್‌ಪಿಯರನ ವಿಂಡ್ಸರಿನ ಹೆಂಗಸರ ನಾಟಕವನ್ನು ಇನ್ನು ಸಾಕ್ಸ್-ಕೋಬರ್ಗ್-ಗೋಥಾದ ಹೆಂಗಸರು ಅಂತ ಆಡಬೇಕಲ್ಲ’ ಅಂದನಂತೆ. ಆತ ಮಾಡಿದನೆನ್ನಲಾದ ಒಂದೇ ಒಂದು ಒಳ್ಳೆಯ ತಮಾಷೆ ಇದು.

ಭಾರತದ ಇಂಗ್ಲಿಷಿಗೂ ಇಂಥ ಒಂದು ರತ್ನವಿದೆ, ಮಂಚೂರಿಯನ್. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ನೆಲ್ಸನ್ ವಾಂಗ್ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಹುರಿದು, ಗರಂ ಮಸಾಲೆಗೆ ಬದಲು ಸೋಯಾ ಸಾಸು ಸುರಿದು, ಕೋಳಿಗೆ ಬೆರೆಸಿ ಕೊಟ್ಟದ್ದೇ ಅದರ ಜನ್ಮವೃತ್ತಾಂತ. ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಹೋಗಿ ಕೇಳಿದರೆ ಮಿಕಮಿಕ ನೋಡುತ್ತಾರೆ. ಅದೇ ನಮ್ಮ ರಸ್ತೆಬದಿಯ ಗಾಡಿಗಳಲ್ಲಿ ಗೋಬಿ ಮಂಚೂರಿಯಾಯಿತು, ಕೆಂಪು ದಿನದಿನಕ್ಕೂ ಏರಿತು. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಕೂಡದು ಅಂತ ಆಜ್ಞೆ ಹೊರಡಿಸಿತು. ಒಂದೇ ಆದೇಶದಲ್ಲಿ ಮಂಚೂರಿಯಾ, ಬಾಂಬೆ ಎರಡರ ಬಣ್ಣವೂ ಬಯಲಾಯಿತು.

ಬ್ರಿಟಿಷರು ನಮ್ಮಿಂದ ಒಯ್ದ ಮಾತುಗಳ ದೊಡ್ಡ ಗಂಟು 1886ರಲ್ಲಿ ಪುಸ್ತಕವಾಯಿತು, ಹೆಸರು ‘ಹಾಬ್ಸನ್-ಜಾಬ್ಸನ್’. ಹೆಸರೇ ಒಂದು ಕಥೆ. ಮೊಹರಂ ಮೆರವಣಿಗೆಯಲ್ಲಿ ‘ಯಾ ಹಸನ್, ಯಾ ಹುಸೇನ್’ ಅನ್ನುವ ಕೂಗು ಗೋರಾ ಸಿಪಾಯಿಗಳ ಕಿವಿಯಲ್ಲಿ ಲಂಡನ್ನಿನ ಯಾವುದೋ ಜೋಡಿ ಅಂಗಡಿಯ ಹೆಸರಾಗಿತ್ತು. ಪುಸ್ತಕ ಮಾಡಿದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಈ ಬರ್ನೆಲ್ ಮಂಗಳೂರಿನಲ್ಲೂ ಕೆಲಸ ಮಾಡಿದ್ದವನು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಬರೆಸಿಕೊಂಡವನು. ಪುಸ್ತಕ ಬರುವ ಹೊತ್ತಿಗೆ ತೀರಿಕೊಂಡಿದ್ದ. ನಮ್ಮವರ ‘ಲೂಟಿ’ ಹೀಗೆಯೇ ಇಂಗ್ಲಿಷಿಗೆ ಹೋದದ್ದು. ಮಾಲಿನ ಜೊತೆಗೆ ಮಾತನ್ನೂ ಹೊತ್ತುಕೊಂಡು ಹೋದರು ಅನ್ನಿ.

ಅವುಗಳಲ್ಲಿ ನನಗೆ ಇಷ್ಟ ‘ಡೂಲಾಲಿ’. ಇಂಗ್ಲೆಂಡಿನಲ್ಲಿ ಒಬ್ಬನಿಗೆ ತಲೆ ಕೆಟ್ಟಿದೆ ಅನ್ನಬೇಕಾದರೆ ‘ಡೂಲಾಲಿ ಆಗಿದ್ದಾನೆ’ ಅಂತಾರೆ. ಅದು ನಾಸಿಕದ ಹತ್ತಿರದ ದೇವಳಾಲಿ. ಅವಧಿ ಮುಗಿದ ಸಿಪಾಯಿಗಳು ಊರಿಗೆ ಹೋಗುವ ಹಡಗಿಗೆ ಕಾಯುತ್ತಿದ್ದ ಬಿಡಾರ ಅಲ್ಲಿತ್ತು. ಬೇಸಿಗೆಯಲ್ಲಿ ಹಡಗಿಲ್ಲ, ಕೆಲಸವಿಲ್ಲ, ಸೆಕೆ, ಹೆಂಡ, ಜ್ವರ. ತಿಂಗಳುಗಟ್ಟಲೆ ಕಾದರೆ ಎಂಥವನೂ ಗೋಡೆ ಜೊತೆ ಮಾತಾಡುತ್ತಾನೆ. ಮೊದಲು ಪೂರ್ತಿ ಹೆಸರು ‘ಡೂಲಾಲಿ ಟ್ಯಾಪ್’. ಟ್ಯಾಪ್ ಅಂದರೆ ನಲ್ಲಿಯಲ್ಲ, ನಮ್ಮ ತಾಪ, ಜ್ವರ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂದರೆ ಪೇಢಾ ತಿನ್ನಲಿಕ್ಕಲ್ಲ, ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಗೆ ಅಂತ ಸಣ್ಣ ಮಕ್ಕಳಿಗೂ ಗೊತ್ತು.

ಬೆಂಗಳೂರಿಗೂ ಇಂಗ್ಲಿಷಿನಲ್ಲಿ ಒಳ್ಳೆಯ ಹೆಸರೇನೂ ಬರಲಿಲ್ಲ. ‘ಬೆಂಗಳೂರು ಟಾರ್ಪಿಡೋ’ ಅಂದರೆ ಸಿಡಿಮದ್ದು ತುಂಬಿದ ಉದ್ದ ಕೊಳವೆ, ಮುಳ್ಳುತಂತಿಯ ಕೆಳಗೆ ತೂರಿಸಿ ಹಾರಿಸುವುದು. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಅಮೆರಿಕದವರ ದಾರಿ ಬಿಡಿಸಿದ್ದೂ ಅದೇ. ಆರು ದಶಕದ ನಂತರ ಅದೇ ಅಮೆರಿಕದವರು ‘ಬ್ಯಾಂಗಲೋರ್ಡ್’ ಅಂತ ಹೊಸ ಕ್ರಿಯಾಪದ ಮಾಡಿದರು. ಕೆಲಸ ಹೋಯಿತು, ಬೆಂಗಳೂರಿಗೆ ಹೋಯಿತು ಅಂತ. ಮೊದಲು ತಂತಿಬೇಲಿ ಹಾರಿಸಿದ ಊರು, ಆಮೇಲೆ ಕುರ್ಚಿ ಹಾರಿಸಿತು.

ಇನ್ನು ಅರ್ಥವಾಗದ ಮಾತಿನ ವಿಷಯ. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ನಲ್ಲಿ ಕಾಸ್ಕಾ ತನಗೆ ಅದು ಗ್ರೀಕ್ ಅಂದದ್ದೇ ಅಂದದ್ದು, ನಮ್ಮ ಪಿಯುಸಿ ಹುಡುಗರವರೆಗೆ ಎಲ್ಲರೂ ‘ನಂಗೆ ಗ್ರೀಕ್ ಆ್ಯಂಡ್ ಲ್ಯಾಟಿನ್’ ಅನ್ನತೊಡಗಿದರು. ಗ್ರೀಕರು ತಮಗೆ ಅರ್ಥವಾಗದ್ದನ್ನು ಚೀನೀ ಅಂತಾರೆ. ಚೀನೀಯರು ಮನುಷ್ಯರ ತಂಟೆಗೇ ಹೋಗದೆ ಅದನ್ನು ಆಕಾಶದ ಲಿಪಿ ಅಂತಾರೆ. ಹಿಂದಿನ ಗ್ರೀಕರಿಗಾದರೋ ಪರರ ಮಾತೆಲ್ಲ ಬರೀ ‘ಬರ್ ಬರ್’. ಅದರಿಂದಲೇ ಇಂಗ್ಲಿಷಿನ ‘ಬಾರ್ಬೇರಿಯನ್’ ಹುಟ್ಟಿದ್ದು. ಆ ಬರ್ ಬರ್ ಗುಂಪಿನಲ್ಲಿ ನಾವೂ ಇದ್ದೆವೇ ಅನ್ನುವುದೇ ಸ್ವಾರಸ್ಯ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಕಸದ ದಿಬ್ಬ ಅಗೆದಾಗ ಸಿಕ್ಕ ಪಪೈರಸ್ ಹಾಳೆಗಳಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನ ಇತ್ತು. 1903ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಭಾರತದ ಕಡಲತೀರದಲ್ಲಿ. ಕಾರಿಟಿಯನ್ ಎಂಬ ಗ್ರೀಕ್ ಹುಡುಗಿ ಇಲ್ಲಿನ ರಾಜನೊಬ್ಬನ ವಶದಲ್ಲಿದ್ದಾಳೆ. ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿದ ರಾಜನನ್ನು ಕಟ್ಟಿಹಾಕಿ, ಹುಡುಗಿಯನ್ನು ಕರೆದುಕೊಂಡು ಓಡುತ್ತಾರೆ. ನಡುವೆ ಬೇಟೆಯಿಂದ ಬಂದ ಹೆಂಗಸರು ವಿದೂಷಕನ ಮೇಲೆ ಬಿದ್ದಾಗ ಅವನು ಅವರನ್ನು ಓಡಿಸುವುದು ಕತ್ತಿಯಿಂದಲ್ಲ, ಹೂಸಿನಿಂದ. ಎರಡು ಸಾವಿರ ವರ್ಷದ ಹಿಂದಿನ ರಂಗಭೂಮಿಗೂ ಚಪ್ಪಾಳೆ ಎಲ್ಲಿಂದ ಬರುತ್ತದೆ ಅಂತ ಚೆನ್ನಾಗಿ ತಿಳಿದಿತ್ತು.

ಈ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಪ್ರೇಕ್ಷಕರನ್ನು ನಗಿಸಲು ಸೇರಿಸಿದ ಪರಭಾಷೆಯ ಸಾಲುಗಳು. 1904ರಲ್ಲಿ ಶಾಸನತಜ್ಞ ಹುಲ್ಶ್ ಅವನ್ನು ಓದಿ, ಇದು ಕನ್ನಡ ಇರಬಹುದಲ್ಲ ಅಂದ. ಅಲ್ಲಿ ‘ಕೊಂಚ’ ಕಂಡಿತು, ‘ಮಧು’ ಕಂಡಿತು, ‘ಪಾತ್ರಕ್ಕೆ’ ಕಂಡಿತು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಬೆನ್ನು ಹತ್ತಿದರು. ನಿಜವಾಗಿದ್ದರೆ, ಹಲ್ಮಿಡಿ ಶಾಸನಕ್ಕಿಂತ ಎಷ್ಟೋ ಮೊದಲೇ ಕನ್ನಡ ಜಗತ್ತಿನ ರಂಗಕ್ಕೆ ಬಂದದ್ದು ‘ಇನ್ನೊಂಚೂರು ಹಾಕು’ ಅನ್ನುತ್ತಾ. ಇಲ್ಲ ಸ್ವಾಮಿ, ಅದು ತುಳು ಅಂತ ಕರಾವಳಿಯ ವಿದ್ವಾಂಸರು ವಾದ ಹೂಡಿದರು. ಕನ್ನಡವೂ ಅಲ್ಲ ತುಳುವೂ ಅಲ್ಲ, ಬರೀ ಬಡಬಡಿಕೆ ಅಂತ ಯುರೋಪಿನ ಹಲವರು ಕೈಝಾಡಿಸಿದರು. ವಾದ ಇನ್ನೂ ಮುಗಿದಿಲ್ಲ. ಕುಡಿದು ಬಿದ್ದ ರಾಜ ನಮ್ಮವನು ಅಂತ ಹೇಳಿಕೊಳ್ಳಲು ಇಷ್ಟು ಪೈಪೋಟಿ ಇದೆ. ಹೂಸುವ ವಿದೂಷಕ ಗ್ರೀಕನೇ ಅನ್ನುವುದರಲ್ಲಿ ಮಾತ್ರ ಯಾರದೂ ತಕರಾರಿಲ್ಲ.